ಆರ್‌ಡಬ್ಲ್ಯೂ ಡಿಸ್ಕು ಹಠ ಹಿಡಿದಾಗ

ಅಳಿಸಿ ಮತ್ತೆ ಬರೆಯುವ ಡಿಸ್ಕು ಕೈಕೊಟ್ಟರೆ ಜನ ಮೊದಲು ಬೈಯುವುದು ಡಿಸ್ಕನ್ನೇ. ‘ಡೂಪ್ಲಿಕೇಟ್ ಮಾಲು ಕೊಟ್ಟಿದಾನೆ’ ಎಂದು ಮಾರಿದವನಿಗೂ ಒಂದು ಪಾಲು ಸಲ್ಲುತ್ತದೆ. ಸಾಗರದ ಕಡೆ ಕಂಪ್ಯೂಟರ್ ರಿಪೇರಿ ಮಾಡಿಕೊಂಡು ಬಂದವನು ನಾನು. ಹಾಗೆ ಬೈಸಿಕೊಂಡು ನನ್ನ ಮೇಜಿಗೆ ಬಂದ ಡಿಸ್ಕುಗಳಲ್ಲಿ ಹೆಚ್ಚಿನವು ಚೆನ್ನಾಗಿಯೇ ಇದ್ದವು. ಡಿಸ್ಕು, ಡ್ರೈವು, ಸಾಫ್ಟ್‌ವೇರು ಈ ಮೂರಕ್ಕೆ ಒಂದಕ್ಕೊಂದು ಹೊಂದಿಕೆಯಾಗಿರಲಿಲ್ಲ, ಅಷ್ಟೆ. ಪೆನ್ ಡ್ರೈವ್ ಬಂದಮೇಲೆ ಈ ಕೆಲಸ ಕಡಿಮೆಯಾಯಿತು, ಪೂರ್ತಿ ನಿಂತಿಲ್ಲ. ಕಾರಿನ ಹಳೆಯ ಪ್ಲೇಯರು, ಟಿವಿ ಕೆಳಗಿನ ಡಿವಿಡಿ ಪೆಟ್ಟಿಗೆ, ಮದುವೆಯ ವಿಡಿಯೊ ಇರುವ ತನಕ ಯಾರಾದರೊಬ್ಬರು ಡಿಸ್ಕು ಹಿಡಿದುಕೊಂಡು ಬರುತ್ತಲೇ ಇರುತ್ತಾರೆ.

1. ಡಿಸ್ಕಿನ ಮೇಲೆ ಬರೆದದ್ದನ್ನು ಮೊದಲು ಓದಿ

ಸಿಡಿ-ಆರ್‌ಡಬ್ಲ್ಯೂ 1997ರಲ್ಲಿ ಬಂದಾಗ ಅದರ ಬರೆಯುವ ವೇಗ 1ಎಕ್ಸ್‌ನಿಂದ 4ಎಕ್ಸ್. ಆಮೇಲೆ ‘ಹೈ ಸ್ಪೀಡ್’ ಬಂತು, ಅದರ ಬೆನ್ನಿಗೆ ‘ಅಲ್ಟ್ರಾ ಸ್ಪೀಡ್’. ನೋಡುವುದಕ್ಕೆ ಮೂರೂ ಒಂದೇ. ಲೋಗೋದೊಳಗೆ ಸಣ್ಣಕ್ಷರದಲ್ಲಿ ಮಾತ್ರ ವ್ಯತ್ಯಾಸ. ಹಳೆಯ 4ಎಕ್ಸ್ ಡ್ರೈವು ಹೈ ಸ್ಪೀಡ್ ಡಿಸ್ಕಿಗೆ ಬರೆಯಲಾರದು. ಹೈ ಸ್ಪೀಡ್ ಡ್ರೈವು ಅಲ್ಟ್ರಾ ಸ್ಪೀಡ್ ಡಿಸ್ಕಿಗೆ ಬರೆಯಲಾರದು. ಬೇರೆ ಕಡೆ ಬರೆಸಿಕೊಂಡು ಬಂದರೆ ಎರಡೂ ಓದುತ್ತವೆ, ಜನ ಗೊಂದಲಕ್ಕೆ ಬೀಳುವುದು ಇಲ್ಲೇ. ‘ಓದ್ತದೆ ಅಂದ್ಮೇಲೆ ಬರೀಲೇಬೇಕಲ್ಲ’ ಎಂದು ವಾದ. ಹಾಗೇನಿಲ್ಲ. ಲೇಸರನ್ನು ಎಷ್ಟು ಜೋರಾಗಿ, ಎಷ್ಟು ಹೊತ್ತು ಹೊಡೆಯಬೇಕು ಎಂಬ ಲೆಕ್ಕ ಒಂದೊಂದು ಜಾತಿಗೂ ಬೇರೆ. ಆ ಲೆಕ್ಕ ಡ್ರೈವಿನ ಫರ್ಮ್‌ವೇರ್‌ನಲ್ಲಿ ಇಲ್ಲದಿದ್ದರೆ ‘ಇನ್‌ಕಂಪ್ಯಾಟಿಬಲ್ ಮೀಡಿಯಂ’ ಎಂದು ಕೈ ಚೆಲ್ಲುತ್ತದೆ.

ಡಿವಿಡಿಯಲ್ಲಿ ಪ್ಲಸ್ ಮತ್ತು ಮೈನಸ್ ಎಂಬ ಎರಡು ಪಂಗಡ. ಮೊದಮೊದಲಿನ ಡ್ರೈವುಗಳು ಒಂದು ಪಂಗಡಕ್ಕೆ ಮಾತ್ರ ಬರೆಯುತ್ತಿದ್ದವು. ಎರಡನ್ನೂ ಬರೆಯುವ ಡ್ರೈವನ್ನು ಸೋನಿ ತಂದದ್ದು 2002ರಲ್ಲಿ. ಅದಕ್ಕಿಂತ ಹಿಂದಿನ ಕಂಪ್ಯೂಟರ್ ಮನೆಯಲ್ಲಿದ್ದರೆ ಡ್ರೈವಿನ ಮುಖದ ಮೇಲಿನ ಗುರುತು ನೋಡದೆ ಡಿಸ್ಕು ಕೊಳ್ಳಬೇಡಿ.

ಕವರಿನ ಮೇಲಿನ ಹೆಸರನ್ನು ಮಾತ್ರ ನಂಬಿ ಕೂರಬೇಡಿ. ಡಿಸ್ಕನ್ನು ನಿಜವಾಗಿ ತಯಾರಿಸಿದವರ ಸಂಕೇತ ಡಿಸ್ಕಿನೊಳಗೇ ಇರುತ್ತದೆ. ಇಮ್‌ಜ್‌ಬರ್ನ್ ಎಂಬ ಉಚಿತ ಸಾಫ್ಟ್‌ವೇರ್ ಅದನ್ನು ಬಲಬದಿಯಲ್ಲಿ ತೋರಿಸುತ್ತದೆ. ಡಿಸ್ಕು ಖಾಲಿಯೋ, ಫಾರ್ಮ್ಯಾಟ್ ಆಗಿದೆಯೋ, ಯಾವ ಯಾವ ವೇಗಕ್ಕೆ ಒಪ್ಪುತ್ತದೆ ಎಂಬುದನ್ನೂ ಅಲ್ಲೇ ಹೇಳುತ್ತದೆ. 2013ರ ನಂತರ ಅದರ ಹೊಸ ಆವೃತ್ತಿ ಬಂದಿಲ್ಲ, ನನ್ನ ಕೆಲಸಕ್ಕೆ ಈಗಲೂ ಅದೇ. ಈಗ ಹೊಸ ಆರ್‌ಡಬ್ಲ್ಯೂ ಡಿಸ್ಕು ಸಿಗುವುದೇ ಕಷ್ಟ. ನಮ್ಮಲ್ಲೇ ಡಿಸ್ಕು ತಯಾರಿಸುತ್ತಿದ್ದ ನೊಯಿಡಾದ ಮೋಸರ್ ಬೇರ್ ಕಂಪನಿ 2018ರಲ್ಲಿ ಲಿಕ್ವಿಡೇಶನ್‌ಗೆ ಹೋಯಿತು. ಹಾಗಾಗಿ ಕಪಾಟಿನಲ್ಲಿರುವ ಹಳೆಯದನ್ನೇ ಸರಿಯಾಗಿ ಬಳಸುವುದು ಲೇಸು.

2. ಕಂಪ್ಯೂಟರ್ ಓದಿದ್ದನ್ನು ಪ್ಲೇಯರ್ ಓದದಿದ್ದರೆ ಆಶ್ಚರ್ಯ ಬೇಡ

ಆರ್‌ಡಬ್ಲ್ಯೂ ಡಿಸ್ಕಿನೊಳಗೆ ಬೆಳ್ಳಿ, ಇಂಡಿಯಂ, ಆಂಟಿಮನಿ, ಟೆಲ್ಲೂರಿಯಂ ಬೆರೆತ ತೆಳ್ಳನೆಯ ಪದರ ಇರುತ್ತದೆ. ಸಕ್ಕರೆ ಪಾಕವನ್ನು ಗಕ್ಕನೆ ತಣಿಸಿದರೆ ಗಾಜಿನ ಹಾಗೆ ಗಟ್ಟಿಯಾಗುತ್ತದೆ, ನಿಧಾನಕ್ಕೆ ಆರಲು ಬಿಟ್ಟರೆ ಹರಳುಗಟ್ಟುತ್ತದೆ. ಈ ಪದರದ ಸ್ವಭಾವವೂ ಹೆಚ್ಚುಕಡಿಮೆ ಅದೇ. ಲೇಸರು ಒಂದು ಚುಕ್ಕೆಯನ್ನು 600 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಕಾಯಿಸಿ ಕರಗಿಸಿ ತಟ್ಟನೆ ಬಿಟ್ಟರೆ ಅದು ಹರಳುಗಟ್ಟದೆ ಮಂಕಾಗುತ್ತದೆ. ಬರೆಯುವುದು ಎಂದರೆ ಇದು. ಸುಮಾರು 200 ಡಿಗ್ರಿಯಲ್ಲಿ ಹದವಾಗಿ ಕಾಯಿಸಿದರೆ ಮತ್ತೆ ಹರಳುಗಟ್ಟಿ ಹೊಳೆಯುತ್ತದೆ, ಅಳಿಸುವುದು ಎಂದರೆ ಅದು.

ತೊಂದರೆ ಏನೆಂದರೆ ಆ ಹೊಳಪೂ ದೊಡ್ಡ ಹೊಳಪಲ್ಲ. ಅಂಗಡಿಯಲ್ಲಿ ಕೊಂಡ ಹಾಡಿನ ಸಿಡಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 70 ಪಾಲನ್ನು ವಾಪಸು ಕೊಟ್ಟರೆ ಸಿಡಿ-ಆರ್‌ಡಬ್ಲ್ಯೂ ಕೊಡುವುದು 15ರಿಂದ 25 ಪಾಲು. ಹಳೆಯ ಪ್ಲೇಯರಿಗೆ ಅಷ್ಟು ಕ್ಷೀಣ ಬೆಳಕು ಕಾಣುವುದೇ ಇಲ್ಲ, ‘ನೋ ಡಿಸ್ಕ್’ ಎನ್ನುತ್ತದೆ. ಡಿವಿಡಿ ಆರ್‌ಡಬ್ಲ್ಯೂ ವಿಷಯದಲ್ಲಿ ಇನ್ನೊಂದು ತಮಾಷೆ: ಅದರ ಮಂಕು ಹೊಳಪು ಎರಡು ಪದರದ ಸಿನಿಮಾ ಡಿವಿಡಿಯ ಹೊಳಪಿಗೆ ಹತ್ತಿರ. ಕೆಲವು ಪ್ಲೇಯರುಗಳು ಇದನ್ನೂ ಅದೇ ಎಂದುಕೊಂಡು ಇಲ್ಲದ ಎರಡನೇ ಪದರ ಹುಡುಕುತ್ತಾ ಸುಸ್ತಾಗುತ್ತವೆ. ಇದಕ್ಕೆ ಫಾರ್ಮ್ಯಾಟ್ ಮದ್ದಲ್ಲ. ಒಂದು ಸಲ ಬರೆಯುವ ಸಿಡಿ-ಆರ್ ಅಥವಾ ಡಿವಿಡಿ-ಆರ್ ಹಾಕಿ ನೋಡಿ, ಹಾಡಿದರೆ ಪ್ಲೇಯರಿನ ಮಿತಿ ಅಷ್ಟೇ ಎಂದು ತಿಳಿಯಿರಿ.

3. ಅಳಿಸುವುದು, ಫಾರ್ಮ್ಯಾಟ್ ಮಾಡುವುದು ಎರಡು ಬೇರೆ ಕೆಲಸ

ನನ್ನ ಹತ್ತಿರ ಬಂದ ‘ಫಾರ್ಮ್ಯಾಟ್ ಆಗ್ತಿಲ್ಲ’ ಎಂಬ ದೂರುಗಳಲ್ಲಿ ದೊಡ್ಡ ಭಾಗ ಇಲ್ಲೇ ಮುಗಿಯುತ್ತದೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಸಿಡಿ-ಆರ್‌ಡಬ್ಲ್ಯೂಗೆ ಬರೆಯಲು ಎರಡು ದಾರಿ. ಎಲ್ಲ ಫೈಲುಗಳನ್ನು ಒಟ್ಟು ಮಾಡಿ ಒಂದೇ ಬೀಸಿಗೆ ಬರೆಯುವುದು ಒಂದು. ಡಿಸ್ಕನ್ನು ಮೊದಲೇ ಸಣ್ಣ ಸಣ್ಣ ಪ್ಯಾಕೆಟ್ಟುಗಳಾಗಿ ಪಾಲು ಹಾಕಿಟ್ಟು ಆಮೇಲೆ ಒಂದೊಂದೇ ಫೈಲನ್ನು ಎಳೆದು ಹಾಕುವುದು ಇನ್ನೊಂದು. ಯುಡಿಎಫ್ ಫಾರ್ಮ್ಯಾಟ್ ಬೇಕಾಗುವುದು ಇದಕ್ಕೆ. ಒಂದು ದಾರಿಯಲ್ಲಿ ಬರೆದ ಡಿಸ್ಕನ್ನು ಇನ್ನೊಂದಕ್ಕೆ ತಿರುಗಿಸಬೇಕಾದರೆ ನಡುವೆ ಅಳಿಸಲೇಬೇಕು. ಹಳೆಯ ಡೈರೆಕ್ಟ್‌ಸಿಡಿ, ಇನ್‌ಸಿಡಿ ಎಂಬ ಪ್ಯಾಕೆಟ್ ಸಾಫ್ಟ್‌ವೇರುಗಳ ಕಾಲದಲ್ಲಿ ಫಾರ್ಮ್ಯಾಟ್ ಆದ ಡಿಸ್ಕನ್ನು ಹಾಗೇ ಹಾಕಿ ಹಾಡಿನ ಸಿಡಿ ಮಾಡಲು ಹೊರಟವರಿಗೆ ಸಾಫ್ಟ್‌ವೇರು ‘ಖಾಲಿ ಡಿಸ್ಕ್ ಹಾಕಿ’ ಎಂದು ಮತ್ತೆ ಮತ್ತೆ ಕೇಳುವುದು ಈ ಕಾರಣಕ್ಕೆ.

ಅಳಿಸುವುದರಲ್ಲೂ ಎರಡು ಬಗೆ. ಕ್ವಿಕ್ ಇರೇಸ್ ಡಿಸ್ಕಿನ ಆರಂಭದ ಪರಿವಿಡಿಯನ್ನಷ್ಟೇ ಒರೆಸುತ್ತದೆ, ಒಂದೆರಡು ನಿಮಿಷದ ಕೆಲಸ. ಫುಲ್ ಇರೇಸ್ ಒಳಗಿನಿಂದ ಹೊರಗಿನ ಅಂಚಿನ ತನಕ ಪದರವನ್ನು ಮತ್ತೆ ಹರಳುಗಟ್ಟಿಸುತ್ತದೆ. 80 ನಿಮಿಷದ ಡಿಸ್ಕು 4ಎಕ್ಸ್‌ನಲ್ಲಿ 20 ನಿಮಿಷ ತೆಗೆದುಕೊಳ್ಳುತ್ತದೆ. ದಿನದ ಕೆಲಸಕ್ಕೆ ಕ್ವಿಕ್ ಸಾಕು. ಡಿಸ್ಕು ತಕರಾರು ತೆಗೆದಾಗ, ಬೇರೆ ಡ್ರೈವಿನಲ್ಲಿ ಬರೆದದ್ದು ಬಂದಾಗ, ಅಥವಾ ಡಿಸ್ಕನ್ನು ಬೇರೆಯವರ ಕೈಗೆ ಕೊಡುವಾಗ ಫುಲ್ ಮಾಡಿ.

ಇನ್ನೊಂದು ದೂರು ಜಾಗದ್ದು. ‘700 ಎಂಬಿ ಅಂತ ಬರೆದಿದೆ, ಫಾರ್ಮ್ಯಾಟ್ ಮಾಡಿದ್ರೆ 570 ತೋರಿಸ್ತದೆ, ಉಳಿದದ್ದು ಎಲ್ಲಿ ಹೋಯ್ತು?’ ಪ್ಯಾಕೆಟ್ ಬರಹದಲ್ಲಿ ಪ್ರತಿ 32 ಬ್ಲಾಕಿಗೆ 7 ಬ್ಲಾಕು ಜೋಡಣೆಗೆ ಹೋಗುತ್ತದೆ. ಉಳಿದದ್ದೇ ಆ 570. ಡಿಸ್ಕು ಕೆಟ್ಟಿಲ್ಲ, ಯಾರೂ ಕದ್ದಿಲ್ಲ. ಡಿವಿಡಿಯ 4.7 ಜಿಬಿ ವಿಂಡೋಸಿನಲ್ಲಿ 4.38 ಆಗಿ ಕಾಣುವುದು ಬೇರೆ ಕಾರಣಕ್ಕೆ: ಕಂಪನಿ ಸಾವಿರದ ಲೆಕ್ಕ ಹಾಕುತ್ತದೆ, ವಿಂಡೋಸ್ 1024ರ ಲೆಕ್ಕ.

ಡಿವಿಡಿ ಪ್ಲಸ್ ಆರ್‌ಡಬ್ಲ್ಯೂ ಬಲು ಸಾಧು. ಮೊದಲ ಸಲ ಫಾರ್ಮ್ಯಾಟ್ ಆದರೆ ಮುಗಿಯಿತು, ಆಮೇಲೆ ಹಳೆಯದರ ಮೇಲೆಯೇ ಹೊಸದು ಬರೆಯುತ್ತದೆ. ಅದನ್ನು ಪ್ರತಿ ಸಲ ಅಳಿಸುವುದು ಸಮಯಕ್ಕೂ ಡಿಸ್ಕಿಗೂ ನಷ್ಟ. ಡಿವಿಡಿ ಮೈನಸ್ ಆರ್‌ಡಬ್ಲ್ಯೂ ಹಾಗಲ್ಲ, ಅದಕ್ಕೆ ಎರಡು ಅವಸ್ಥೆ: ಸಾಲಾಗಿ ಬರೆಯುವ ಸೀಕ್ವೆನ್ಶಿಯಲ್, ಮೇಲೆ ಮೇಲೆ ಬರೆಯುವ ರಿಸ್ಟ್ರಿಕ್ಟೆಡ್ ಓವರ್‌ರೈಟ್. ಕ್ವಿಕ್ ಇರೇಸ್ ಆದ ಮೈನಸ್ ಡಿಸ್ಕು ಒಂದೇ ಬೀಸಿನ ಬರಹಕ್ಕೆ ಮಾತ್ರ ಒಪ್ಪುತ್ತದೆ. ಇವತ್ತು ಅರ್ಧ, ನಾಳೆ ಅರ್ಧ ಬರೆಯುತ್ತೇನೆ ಎಂದರೆ ನಾಳೆ ಎರರ್ ಬರುತ್ತದೆ. ಹಾಗೆ ಕಂತಿನಲ್ಲಿ ಬರೆಯುವ ಇರಾದೆ ಇದ್ದರೆ ಫುಲ್ ಇರೇಸ್ ಮಾಡಿ, ಇಲ್ಲವೇ ಫಾರ್ಮ್ಯಾಟ್ ಮಾಡಿ. ಈ ಒಂದು ಸಂಗತಿ ಡಿಸ್ಕಿನ ಕವರಿನ ಮೇಲೆ ಇದ್ದಿದ್ದರೆ ಎಷ್ಟೋ ಡಿಸ್ಕುಗಳು ಕಸದ ಬುಟ್ಟಿಗೆ ಹೋಗುತ್ತಿರಲಿಲ್ಲ.

4. ಫಾರ್ಮ್ಯಾಟ್ ನಡುವೆ ಕರೆಂಟು ಹೋದರೆ

ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋಗದೇ ಇದ್ದರೆ ವಿಶೇಷ. 1ಎಕ್ಸ್‌ನಲ್ಲಿ ಡಿವಿಡಿ ಮೈನಸ್ ಆರ್‌ಡಬ್ಲ್ಯೂ ಒಂದನ್ನು ಪೂರ್ತಿ ಅಳಿಸಲು ಹತ್ತಿರ ಹತ್ತಿರ ಒಂದು ಗಂಟೆ ಬೇಕು. ನಡುವೆ ಕರೆಂಟು ಹೋದರೆ ಡಿಸ್ಕು ಅತ್ತ ಖಾಲಿಯೂ ಅಲ್ಲ, ಇತ್ತ ಫಾರ್ಮ್ಯಾಟೂ ಅಲ್ಲ. ಆಮೇಲೆ ಅದನ್ನು ಹಾಕಿದ ಕೂಡಲೇ ಮೈ ಕಂಪ್ಯೂಟರ್ ಕಿಟಕಿ ಅಲ್ಲಾಡದೆ ನಿಲ್ಲುತ್ತದೆ. ಡ್ರೈವಿನ ದೀಪ ಮಿನುಗುತ್ತದೆ, ಒಳಗೆ ಡಿಸ್ಕು ಸುತ್ತಿ ನಿಲ್ಲುವ, ಸುತ್ತಿ ನಿಲ್ಲುವ ಸದ್ದು. ವಿಂಡೋಸು ಪರಿವಿಡಿ ಓದಲು ಹೆಣಗಾಡುತ್ತಿರುತ್ತದೆ.

ಮಾಡಬೇಕಾದ್ದು: ಡಿಸ್ಕು ಹಾಕುವ ಮೊದಲೇ ಇಮ್‌ಜ್‌ಬರ್ನ್ ತೆರೆದಿಟ್ಟುಕೊಂಡು, ಬೇರೆ ಕಿಟಕಿಗಳನ್ನೆಲ್ಲ ಮುಚ್ಚಿ, ಡಿಸ್ಕು ಹಾಕಿ ನೇರವಾಗಿ ಫುಲ್ ಇರೇಸ್‌ಗೆ ಹೋಗಿ. ಕ್ವಿಕ್ ಇಲ್ಲಿ ಉಪಯೋಗಕ್ಕಿಲ್ಲ. ವಿಂಡೋಸು ಬಿಟ್ಟುಕೊಡದಿದ್ದರೆ ಪೆನ್ ಡ್ರೈವಿನಿಂದ ಲಿನಕ್ಸ್ ಹಚ್ಚಿ ಕೆ3ಬಿ ಅಥವಾ ಬ್ರಸೆರೊದಲ್ಲಿ ಅಳಿಸಿ. ವಿಂಡೋಸಿನಲ್ಲಿ ಸತ್ತೇ ಹೋಯಿತೆಂದುಕೊಂಡ ಡಿಸ್ಕು ಅಲ್ಲಿ ಎದ್ದು ಕೂತದ್ದನ್ನು ನೋಡಿದ್ದೇನೆ. ಅದೂ ಆಗದಿದ್ದರೆ ಬೇರೆ ಕಂಪನಿಯ ಡ್ರೈವಿನಲ್ಲಿ ಒಂದು ಪ್ರಯತ್ನ. ಫುಲ್ ಇರೇಸ್ ಪ್ರತಿ ಸಲವೂ ಒಂದೇ ಜಾಗಕ್ಕೆ ಬಂದು ನಿಂತರೆ ಪದರವೇ ಹೋಗಿದೆ, ಆಸೆ ಬಿಡಿ.

ಯುಪಿಎಸ್ ಇಲ್ಲದ ಮನೆಯಲ್ಲಿ ಮೋಡ ಕಟ್ಟಿದಾಗ ಫುಲ್ ಇರೇಸ್ ಹಚ್ಚಬೇಡಿ ಎಂದು ಬೇರೆ ಹೇಳಬೇಕಿಲ್ಲ.

5. ವಿಂಡೋಸು ಕೇಳುವ ಪ್ರಶ್ನೆಗೆ ಓದಿ ಉತ್ತರಿಸಿ

ವಿಂಡೋಸ್ 7ರಿಂದ ಈಚೆಗೆ ಖಾಲಿ ಡಿಸ್ಕು ಹಾಕಿದರೆ ಒಂದು ಪ್ರಶ್ನೆ ಬರುತ್ತದೆ: ಇದನ್ನು ಯುಎಸ್‌ಬಿ ಫ್ಲ್ಯಾಶ್ ಡ್ರೈವಿನ ಹಾಗೆ ಬಳಸುತ್ತೀರೋ, ಸಿಡಿ-ಡಿವಿಡಿ ಪ್ಲೇಯರಿಗೆ ಬಳಸುತ್ತೀರೋ? ಮೊದಲನೆಯದು ಯುಡಿಎಫ್ ಫಾರ್ಮ್ಯಾಟ್, ಎರಡನೆಯದು ಒಂದೇ ಬೀಸಿನ ಬರಹ. ಮೊದಲನೆಯದು ಆಯ್ಕೆಯಾಗಿಯೇ ಇರುತ್ತದೆ, ಜನ ‘ನೆಕ್ಸ್ಟ್’ ಒತ್ತಿಬಿಡುತ್ತಾರೆ.

ತಾಳಮದ್ದಳೆಯ ಹುಚ್ಚಿರುವ ಹಿರಿಯರೊಬ್ಬರು ರಾತ್ರಿಯಿಡೀ ನಡೆದ ಕೂಟವೊಂದರ ಎಂಪಿ3ಗಳನ್ನು ಸಿಡಿ-ಆರ್‌ಡಬ್ಲ್ಯೂಗೆ ಹಾಕಿಕೊಂಡಿದ್ದರು. ‘ಮನೇಲಿ ಹಾಡ್ತದೆ ಮಾರಾಯಾ, ಕಾರಲ್ಲಿ ಹಾಕಿದ್ರೆ ಹೊರಗೆ ದಬ್ತದೆ. ಕಾರಿನದ್ದೇ ಕೆಟ್ಟಿರ್ಬೇಕು’ ಎಂದರು. ಕಾರಿನದು ಕೆಟ್ಟಿರಲಿಲ್ಲ, ಅದಕ್ಕೆ ಯುಡಿಎಫ್ ಗೊತ್ತಿರಲಿಲ್ಲ. ಫೈಲುಗಳನ್ನು ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡು, ಡ್ರೈವಿನ ಮೇಲೆ ಬಲಗುಂಡಿ ಒತ್ತಿ ‘ಇರೇಸ್ ದಿಸ್ ಡಿಸ್ಕ್’ ಕೊಟ್ಟು, ಮತ್ತೆ ಪ್ರಶ್ನೆ ಬಂದಾಗ ಎರಡನೆಯದನ್ನು ಆರಿಸಿ ಬರೆದುಕೊಟ್ಟೆ. ಕಾರಿನಲ್ಲಿ ಭಾಗವತರ ದನಿ ಹೊರಟಿತು. ‘ಇಷ್ಟೇನಾ?’ ಎಂದು ಅವರಿಗೆ ಸ್ವಲ್ಪ ನಿರಾಸೆಯೇ ಆದಂತಿತ್ತು. ಹೊಸ ಪ್ಲೇಯರ್ ಹಾಕಿಸುವ ಯೋಚನೆ ಇತ್ತೇನೋ.

ವಿಂಡೋಸ್ ಎಕ್ಸ್‌ಪಿ ಇನ್ನೂ ಇಟ್ಟುಕೊಂಡವರಿಗೆ ಒಂದು ಮಾತು. ಅದು ಯುಡಿಎಫ್ 2.01ರ ವರೆಗೆ ಓದುತ್ತದೆ, ತಾನಾಗಿ ಬರೆಯುವುದಿಲ್ಲ. ಹೊಸ ಕಂಪ್ಯೂಟರಿನಲ್ಲಿ 2.50 ಆರಿಸಿ ಫಾರ್ಮ್ಯಾಟ್ ಮಾಡಿದ್ದನ್ನು ಎಕ್ಸ್‌ಪಿಗೆ ಹಾಕಿದರೆ ಏನೂ ಕಾಣದು. ಫಾರ್ಮ್ಯಾಟ್ ಕಿಟಕಿಯಲ್ಲಿ ಆವೃತ್ತಿ ಆರಿಸುವ ಅವಕಾಶವಿದೆ, 2.01 ಬಿಟ್ಟು ಕದಲಬೇಡಿ. ಡಿವಿಡಿಗೆ ಬರೆಯುವುದು ಎಕ್ಸ್‌ಪಿಗೆ ಸ್ವಂತವಾಗಿ ಬರುವುದಿಲ್ಲ, ಬೇರೆ ಸಾಫ್ಟ್‌ವೇರು ಬೇಕೇ ಬೇಕು. ಆದರೆ ಡೈರೆಕ್ಟ್‌ಸಿಡಿ ಮತ್ತು ಇನ್‌ಸಿಡಿ ಎರಡನ್ನೂ ಒಂದೇ ಕಂಪ್ಯೂಟರಿನಲ್ಲಿ ಇಡಬೇಡಿ. ಒಂದೇ ಡ್ರೈವಿಗಾಗಿ ಎರಡೂ ಜಗಳಕ್ಕೆ ನಿಲ್ಲುತ್ತವೆ.

6. ಕನ್ನಡದಲ್ಲಿ ಫೈಲಿನ ಹೆಸರಿದ್ದರೆ

ಕಂಪ್ಯೂಟರಿಗೆಂದು ಒಂದೇ ಬೀಸಿಗೆ ಬರೆಯುವ ಸಿಡಿಯಲ್ಲಿ ಉದ್ದ ಹೆಸರುಗಳಿಗೆ ಜೋಲಿಯೆಟ್ ಎಂಬ ವ್ಯವಸ್ಥೆ ಇದೆ. ಅದು ಯೂನಿಕೋಡ್ ಬಲ್ಲದು, ಕನ್ನಡ ಹೆಸರು ಕೂರುತ್ತದೆ. ಮಿತಿ 64 ಅಕ್ಷರ. ಧಾರಾಳವಾಯಿತಲ್ಲ ಎನಿಸುತ್ತದೆ, ಆದರೆ ಕಂಪ್ಯೂಟರು ಎಣಿಸುವುದು ನಾವು ಎಣಿಸುವ ಹಾಗಲ್ಲ. ‘ಕೃಷ್ಣಸಂಧಾನ’ ನಮ್ಮ ಕಣ್ಣಿಗೆ ಐದಕ್ಷರ, ಅದಕ್ಕೆ ಹತ್ತು. ಗುಣಿತದ ಚಿಹ್ನೆ, ಒತ್ತಕ್ಷರದ ಕೊಂಡಿ, ಸೊನ್ನೆ ಎಲ್ಲ ಬೇರೆ ಬೇರೆ. ಪ್ರಸಂಗದ ಹೆಸರು, ಊರು, ಅರ್ಥಧಾರಿಗಳ ಹೆಸರು ಎಲ್ಲ ಸೇರಿಸಿ ಫೈಲಿಗೆ ಹೆಸರಿಡುವವರದು 64 ದಾಟುವುದು ಸುಲಭ. ದಾಟಿದ ಮೇಲೆ ಸಾಫ್ಟ್‌ವೇರು ಬಾಲ ಕತ್ತರಿಸುತ್ತದೆ. ‘ಭಾಗ 1’, ‘ಭಾಗ 2’ ಎಂದು ಕೊನೆಯಲ್ಲಿ ಬರೆದಿದ್ದರೆ ಎರಡೂ ಒಂದೇ ಹೆಸರಾಗಿ, ಅದು ತನಗೆ ತೋಚಿದ ಅಂಕಿ ಸೇರಿಸುತ್ತದೆ ಅಥವಾ ಬರೆಯಲು ಒಪ್ಪುವುದೇ ಇಲ್ಲ. ಅಂಕಿಯನ್ನು ಹೆಸರಿನ ಮೊದಲಿಗೆ ಇಡಿ: ‘01 ಕೃಷ್ಣಸಂಧಾನ’.

ಕಾರಿನ ಪ್ಲೇಯರಿಗಾದರೆ ಚಿಕ್ಕ ಇಂಗ್ಲಿಷ್ ಹೆಸರೇ ಕ್ಷೇಮ. ಎಕ್ಸ್‌ಪಿಯಲ್ಲಿ ಭಾರತೀಯ ಭಾಷೆಗಳ ಬೆಂಬಲ ಹಾಕಿರದಿದ್ದರೆ ಕನ್ನಡ ಹೆಸರಿನ ಜಾಗದಲ್ಲಿ ಚೌಕ ಚೌಕ ಕಾಣುತ್ತದೆ. ಡಿಸ್ಕು ಹಾಳಾಗಿದೆ ಎಂದು ಅಳಿಸಿಬಿಡಬೇಡಿ. ನುಡಿ ಅಥವಾ ಬರಹ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ ಕಡತಗಳಾದರೆ ಆ ಫಾಂಟನ್ನೂ ಅದೇ ಡಿಸ್ಕಿಗೆ ಹಾಕಿ.

7. ಡ್ರೈವೇ ಮಾಯವಾದರೆ, ಅಥವಾ ಆಮೆಯಾದರೆ

ಬರೆಯುವ ಸಾಫ್ಟ್‌ವೇರನ್ನು ಕಿತ್ತು ಹಾಕಿದ ಮರುದಿನ ಮೈ ಕಂಪ್ಯೂಟರಿನಲ್ಲಿ ಡಿವಿಡಿ ಡ್ರೈವೇ ಕಾಣೆ. ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತು. ರಿಜಿಸ್ಟ್ರಿಯಲ್ಲಿ ಆ ಸಾಫ್ಟ್‌ವೇರು ಬಿಟ್ಟುಹೋದ ಅಪ್ಪರ್ ಫಿಲ್ಟರ್ಸ್, ಲೋವರ್ ಫಿಲ್ಟರ್ಸ್ ಎಂಬ ಎರಡು ನಮೂದುಗಳು ಇದಕ್ಕೆ ಸಾಮಾನ್ಯ ಕಾರಣ. ರಿಜಿಸ್ಟ್ರಿಯ ಪ್ರತಿ ಇಟ್ಟುಕೊಂಡು, ಸಿಡಿ-ಡಿವಿಡಿ ವಿಭಾಗದಲ್ಲಿರುವ ಅವನ್ನು ಅಳಿಸಿ ಮರುಚಾಲೂ ಮಾಡಿದರೆ ಡ್ರೈವು ಮರಳುತ್ತದೆ. ರಿಜಿಸ್ಟ್ರಿಯ ಪರಿಚಯ ಇಲ್ಲದವರು ತಿಳಿದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಎಕ್ಸ್‌ಪಿಯಲ್ಲಿ ಬರೆಯುವಾಗ ಇಡೀ ಕಂಪ್ಯೂಟರು ತೆವಳತೊಡಗಿದರೆ ಡ್ರೈವು ಡಿಎಂಎ ಎಂಬ ವೇಗದ ವಿಧಾನದಿಂದ ಪಿಐಒ ಎಂಬ ನಿಧಾನದ ವಿಧಾನಕ್ಕೆ ಇಳಿದಿದೆ ಎಂದರ್ಥ. ಗೀರು ಬಿದ್ದ ಡಿಸ್ಕೊಂದು ಆರು ಸಲ ಎರರ್ ಕೊಟ್ಟರೆ ಎಕ್ಸ್‌ಪಿ ತಾನಾಗಿ ಇಳಿಸುತ್ತದೆ, ತಾನಾಗಿ ಏರಿಸುವುದಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಆ ಐಡಿಇ ಚಾನೆಲ್ಲನ್ನು ಅನ್‌ಇನ್‌ಸ್ಟಾಲ್ ಮಾಡಿ ಮರುಚಾಲೂ ಮಾಡಿ.

8. ಹೊರಗಿನ ಯುಎಸ್‌ಬಿ ಡ್ರೈವು

ಓದುತ್ತದೆ, ಬರೆಯುವಾಗ ಕೈಕೊಡುತ್ತದೆ ಎಂದರೆ ಮೊದಲು ಅನುಮಾನ ಪಡಬೇಕಾದ್ದು ವಿದ್ಯುತ್ತನ್ನು. ಸಾಮಾನ್ಯ ಯುಎಸ್‌ಬಿ 2 ಪೋರ್ಟಿನ ಮಿತಿ 500 ಮಿಲಿಆಂಪ್. ಬರೆಯುವ ಲೇಸರು ಅದನ್ನು ಮೀರಿ ಕೇಳುತ್ತದೆ. ಕ್ಯಾಬಿನೆಟ್ಟಿನ ಮುಂಭಾಗದ ಪೋರ್ಟು ಬಿಟ್ಟು ಹಿಂದಿನದಕ್ಕೆ, ಮದರ್‌ಬೋರ್ಡಿನ ಮೇಲೆಯೇ ಇರುವುದಕ್ಕೆ ಹಾಕಿ. ಡ್ರೈವಿನ ಜೊತೆ ಎರಡು ತಲೆಯ ಕೇಬಲ್ ಕೊಟ್ಟಿದ್ದರೆ ಎರಡನ್ನೂ ಚುಚ್ಚಿ.

9. ನಿಧಾನ ಎಂದರೆ ಒಳ್ಳೆಯದು ಎಂದೇನಲ್ಲ

‘ಕಡಿಮೆ ಸ್ಪೀಡಲ್ಲಿ ಬರೆದರೆ ಗಟ್ಟಿ’ ಎಂಬ ನಂಬಿಕೆ ಬೇರೂರಿದೆ. ಡಿಸ್ಕಿಗೂ ಒಂದು ಕನಿಷ್ಠ ವೇಗ ಇದೆ. ಅಲ್ಟ್ರಾ ಸ್ಪೀಡ್ ಡಿಸ್ಕನ್ನು 4ಎಕ್ಸ್‌ನಲ್ಲಿ ಬರೆಯಲು ಬಾರದು. ಡ್ರೈವು ತೋರಿಸುವ ಪಟ್ಟಿಯಲ್ಲಿ ನಡುವಿನದನ್ನು ಆರಿಸುವುದು ನನ್ನ ರೂಢಿ.

‘ಪವರ್ ಕ್ಯಾಲಿಬ್ರೇಶನ್ ಎರರ್’ ಎಂಬ ಸಂದೇಶಕ್ಕೂ ಗೋಡೆಯ ಕರೆಂಟಿಗೂ ಸಂಬಂಧ ಇಲ್ಲ. ಬರೆಯುವ ಮೊದಲು ಡ್ರೈವು ಡಿಸ್ಕಿನ ಒಳ ಅಂಚಿನ ಒಂದು ಮೂಲೆಯಲ್ಲಿ ಲೇಸರಿನ ಹದ ಪರೀಕ್ಷಿಸುತ್ತದೆ. ಹದ ಸಿಗದಿದ್ದರೆ ಈ ಸಂದೇಶ. ಲೆನ್ಸಿನ ಮೇಲೆ ಧೂಳು, ಸೋತ ಲೇಸರು, ಪರಿಚಯವಿಲ್ಲದ ಡಿಸ್ಕು, ಮೂರರಲ್ಲಿ ಒಂದು. ಬೇರೆ ವೇಗ, ಬೇರೆ ಕಂಪನಿಯ ಡಿಸ್ಕು ಪ್ರಯತ್ನಿಸಿ. ಯಾವ ಡಿಸ್ಕಿಗೂ ಹೀಗೇ ಎಂದರೆ ಡ್ರೈವಿಗೆ ವಯಸ್ಸಾಗಿದೆ.

ಡಿಸ್ಕಿನ ಮೇಲೆ ಕಾಗದದ ಸ್ಟಿಕ್ಕರು ಅಂಟಿಸಬೇಡಿ. 52ಎಕ್ಸ್ ಡ್ರೈವು ಪೂರ್ಣ ವೇಗದಲ್ಲಿ ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗುತ್ತದೆ, ಅಲ್ಲಿ ಒಂದು ಬದಿಯ ಭಾರವೂ ಲೆಕ್ಕಕ್ಕೆ ಬರುತ್ತದೆ. ಸಿಡಿಯಲ್ಲಿ ಬರಹದ ಪದರ ಇರುವುದು ಮೇಲ್ಮೈಯ ಬಣ್ಣದ ಕೆಳಗೇ, ಬಾಲ್‌ಪೆನ್ನಿನಲ್ಲಿ ಒತ್ತಿ ಹೆಸರು ಬರೆದರೆ ಅಲ್ಲಿಗೇ ಗಾಯ.

10. ಡಿಸ್ಕಿನ ಮೇಲೆಯೇ ಕೆಲಸ ಮಾಡಬೇಡಿ

ಸಿಡಿ ಮತ್ತು ಡಿವಿಡಿ ಆರ್‌ಡಬ್ಲ್ಯೂಗಳಿಗೆ ಸುಮಾರು 1,000 ಸಲ ಬರೆಯುವ ಆಯಸ್ಸು ಹೇಳುತ್ತಾರೆ; ಅಳಿಸಿ ಬರೆಯುವ ಇನ್ನೊಂದು ಬಗೆಯಾದ ಡಿವಿಡಿ-ರ್‍ಯಾಮ್‌ಗೆ ಒಂದು ಲಕ್ಷ. ಸಾವಿರ ಬಹಳವಾಯಿತು ಎನಿಸಬಹುದು. ಆದರೆ ವರ್ಡ್ ಕಡತವನ್ನು ಡಿಸ್ಕಿನಿಂದಲೇ ತೆರೆದು ತಿದ್ದಿ ಉಳಿಸುತ್ತಾ ಹೋದರೆ ಪರಿವಿಡಿ ಇರುವ ಜಾಗ ಪ್ರತಿ ಸಲ ಸುಡುತ್ತದೆ, ಮೊದಲು ಸಾಯುವುದು ಅದೇ. ಹಾರ್ಡ್ ಡಿಸ್ಕಿನಲ್ಲಿ ಮುಗಿಸಿ, ಕೊನೆಗೆ ಒಮ್ಮೆ ಬರೆಯಿರಿ. ವಕೀಲರಿಗೆ, ಕಚೇರಿಗೆ ಕೊಡುವುದಾದರೆ ಅಳಿಸಲಾಗದ ಸಿಡಿ-ಆರ್ ಇರಲಿ.

11. ಹಳೆಯ ಆರ್‌ಡಬ್ಲ್ಯೂ ಸಿಕ್ಕರೆ

ಮಗುವಿನ ನಾಮಕರಣದ ಫೋಟೊ ಇದೆ ಎಂದು ತಂದ ಡಿಸ್ಕನ್ನು ಈಗಿನ ಕಂಪ್ಯೂಟರಿಗೆ ಹಾಕಿದಾಗ ‘ಈ ಡಿಸ್ಕನ್ನು ಹೇಗೆ ಬಳಸುತ್ತೀರಿ’ ಎಂಬ ಪ್ರಶ್ನೆಯೋ ‘ಫಾರ್ಮ್ಯಾಟ್ ಮಾಡಲೇ’ ಎಂಬ ಪ್ರಶ್ನೆಯೋ ಬಂದರೆ ಕೈ ತಡೆಯಿರಿ. ವಿಂಡೋಸಿಗೆ ಒಳಗಿನದು ಅರ್ಥವಾಗಿಲ್ಲ, ಖಾಲಿ ಎಂದುಕೊಂಡಿದೆ. ‘ಕ್ಯಾನ್ಸಲ್’ ಒತ್ತಿ. ಡಿಸ್ಕನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ; ಸುತ್ತ ಉಜ್ಜಿದರೆ ಗೀರು ಬರಹದ ಸಾಲಿನುದ್ದಕ್ಕೂ ಬೀಳುತ್ತದೆ. ಸಾಧ್ಯವಾದರೆ ಆ ಡಿಸ್ಕನ್ನು ಬರೆದ ಹಳೆಯ ಡ್ರೈವಿನಲ್ಲೇ ಹಾಕಿ, ಅದಿಲ್ಲದಿದ್ದರೆ ಎರಡು ಮೂರು ಬೇರೆ ಡ್ರೈವುಗಳಲ್ಲಿ. ಒಂದು ಓದದ ಜಾಗವನ್ನು ಇನ್ನೊಂದು ಓದುವುದುಂಟು. ಐಸೋಬಸ್ಟರ್‌ನಂಥ ಸಾಫ್ಟ್‌ವೇರಿನಲ್ಲಿ ಇಡೀ ಡಿಸ್ಕಿನ ಇಮೇಜು ಮೊದಲು ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡು, ಫೋಟೊಗಳನ್ನು ಆ ಇಮೇಜಿನಿಂದ ತೆಗೆಯಿರಿ. ಫೋಟೊಗಳನ್ನು ಒಂದೊಂದಾಗಿ ತೆರೆದು ಸರಿ ಇವೆ ಎಂದು ನೋಡುವ ತನಕ ಆ ಡಿಸ್ಕನ್ನು ಅಳಿಸಲು ಹೋಗಬೇಡಿ.